ಪಿಸ್ತೂಲಿಗೆ ದಮ್ಮೇ ಇಲ್ಲ ಸಾರ್!

ಜನವರಿಯ ಒಂದು ಬೆಳಿಗ್ಗೆ ಮಂಡ್ಯದಿಂದ ಒಬ್ಬ ಹುಡುಗ ಬಂದಿದ್ದ, ಜೊತೆಗೆ ಅವರಪ್ಪ. ಬ್ಯಾಗಿನಿಂದ ಏರ್ ಪಿಸ್ತೂಲ್ ತೆಗೆದು ಮೇಜಿನ ಮೇಲಿಟ್ಟು "ದಮ್ಮೇ ಇಲ್ಲ ಸಾರ್, ಪೆಲೆಟ್ಟೆಲ್ಲ ಕೆಳಗೇ ಬೀಳ್ತಿದೆ" ಅಂದ. ಪೆಲೆಟ್ ಅಂದರೆ ಇದರಲ್ಲಿ ಹೊಡೆಯುವ ಪುಟ್ಟ ಗುಂಡು. ಅಪ್ಪನದು ಬೇರೆ ಚಿಂತೆ. "ಸ್ಪ್ರಿಂಗ್ ಹೋಗಿದ್ಯಂತೆ, ಎಷ್ಟಾಗುತ್ತೆ ಹೇಳ್ಬಿಡಿ ಸಾರ್." ಹೋಗಿದೆ ಅಂತ ಅವರಿಗೆ ಹೇಳಿದ ಪುಣ್ಯಾತ್ಮ ಯಾರೋ! ಮೈಸೂರಿನ ನನ್ನ ಪುಟ್ಟ ವರ್ಕ್‌ಶಾಪಿಗೆ ಪವರ್ ಇಲ್ಲ ಅಂತ ಬರುವ ಪಿಸ್ತೂಲುಗಳಲ್ಲಿ ಸ್ಪ್ರಿಂಗ್ ನಿಜವಾಗಿ ಸತ್ತಿರುವುದು ಅಪರೂಪ. ಗ್ಯಾಸ್ ಎಲ್ಲೋ ಸೋರುತ್ತಿರುತ್ತದೆ, ಇಲ್ಲಾ ತಣ್ಣಗಾಗಿರುತ್ತದೆ, ಇಲ್ಲಾ ಅದು ಪವರಿನ ತಕರಾರೇ ಆಗಿರುವುದಿಲ್ಲ.

ಹುಡುಗನದು 12 ಗ್ರಾಂ ಕಾರ್ಟ್ರಿಜ್, ಅಂದರೆ ಪುಟಾಣಿ ಗ್ಯಾಸ್ ಸಿಲಿಂಡರ್ ಹಾಕುವ ಪಿಸ್ತೂಲ್. ಒಳಗಿರುವುದು ಕಾರ್ಬನ್ ಡೈಆಕ್ಸೈಡ್, ಅಂದರೆ ಸೋಡಾ ಅಂಗಡಿಯವರು ತುಂಬುವ ಅದೇ ಗ್ಯಾಸ್. ಕಾರ್ಟ್ರಿಜ್‌ನಲ್ಲಿ ಅದು ದ್ರವವಾಗಿರುತ್ತದೆ, ಮೇಲೆ ಸ್ವಲ್ಪ ಆವಿ. ಮದುವೆ ಅಡುಗೆಯವರನ್ನು ನೋಡಿದ್ದೀರಲ್ವಾ? ಚಳಿಗಾಲದ ಬೆಳಗಿನ ಜಾವ ಎರಡು ದೊಡ್ಡ ಒಲೆ ಒಟ್ಟಿಗೆ ಉರಿಸಿದರೆ ಸಿಲಿಂಡರ್ ಬೆವರಿ, ಉರಿ ಇಳಿದು, ಭಟ್ಟರು ಅದನ್ನು ಎತ್ತಿ ಬಿಸಿನೀರಿನ ಟಬ್ಬಿನಲ್ಲಿ ಕೂರಿಸುತ್ತಾರೆ. ಗ್ಯಾಸ್ ಖಾಲಿಯಾಗಿಲ್ಲ, ತಣ್ಣಗಾಗಿದೆ ಅಷ್ಟೇ. ಇಲ್ಲೂ ಅದೇ ಕಥೆ. 30 ಡಿಗ್ರಿಯಲ್ಲಿ ಒಳಗಿನ ಒತ್ತಡ ಸುಮಾರು 72 ಬಾರ್ ಇದ್ದರೆ 20ರಲ್ಲಿ 57, 10ರಲ್ಲಿ 45. ಇದು ಹೊರಗಿನ ಚಳಿಯ ಲೆಕ್ಕ ಮಾತ್ರ. ಪ್ರತಿ ಹೊಡೆತಕ್ಕೂ ಒಂದಿಷ್ಟು ದ್ರವ ಆವಿಯಾಗಬೇಕು, ಆವಿಯಾಗುವಾಗ ಅದು ತನ್ನ ಸುತ್ತಲಿನ ಶಾಖವನ್ನೇ ಹೀರುತ್ತದೆ, ಹಾಗಾಗಿ ಪಟಪಟ ಅಂತ ಇಪ್ಪತ್ತು ಹೊಡೆದರೆ ಪಿಸ್ತೂಲು ತನ್ನನ್ನು ತಾನೇ ತಣ್ಣಗೆ ಮಾಡಿಕೊಳ್ಳುತ್ತದೆ.

ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಹೊಡೆಸಿದೆ. ಮೊದಲ ಐದು ಹೊಡೆತ ಸೆಕೆಂಡಿಗೆ 118 ಮೀಟರ್ ಆಸುಪಾಸು ಬಂದವು, ಹದಿನೈದನೆಯದು 100ಕ್ಕೆ ಇಳಿದಿತ್ತು. ಹಿಡಿಯ ಮೇಲಿನ ಲೋಹ ಮುಟ್ಟಿದರೆ ಐಸ್ ಕ್ಯಾಂಡಿ. ಪಕ್ಕಕ್ಕಿಟ್ಟು ಮೂವರೂ ಕಾಫಿ ಕುಡಿದು ಬಂದೆವು. ಅರ್ಧ ಗಂಟೆ ಬಿಟ್ಟು, ಒಂದೊಂದು ಹೊಡೆತಕ್ಕೂ ಒಂದೊಂದು ನಿಮಿಷ ಕೊಟ್ಟು ಹೊಡೆಸಿದೆ. 117, 118, 117. ರಿಪೇರಿ ಖರ್ಚು ಮೂರು ಕಾಫಿ, ಅದನ್ನೂ ಅಪ್ಪನೇ ಕೊಟ್ಟರು.

ಹಾಗಂತ ಬಿಸಿ ಮಾಡಿದರೆ ಪವರ್ ಜಾಸ್ತಿ ಅಂದುಕೊಂಡು ಕಾರ್ಟ್ರಿಜ್ ಅನ್ನು ಒಲೆ ಪಕ್ಕ ಇಡಬೇಡಿ, ಬಿಸಿನೀರಿಗೂ ಹಾಕಬೇಡಿ. ಟಬ್ ಅಡುಗೆ ಭಟ್ಟರಿಗೇ ಇರಲಿ. ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಕಾರಿನಲ್ಲಿ ಬಿಟ್ಟರೂ ತೊಂದರೆಯೇ. 31 ಡಿಗ್ರಿ ದಾಟಿದರೆ ಒಳಗೆ ದ್ರವ ಅನ್ನುವುದೇ ಉಳಿಯುವುದಿಲ್ಲ, ಒತ್ತಡ ಸರಸರ ಏರುತ್ತದೆ. ಆ ಒತ್ತಡ ಗ್ಯಾಸ್ ಬಿಡುವ ವಾಲ್ವನ್ನು ಒಳಗಿನಿಂದ ಅದುಮಿ ಹಿಡಿದು, ಟ್ರಿಗರ್ ಎಳೆದಾಗ ಸ್ಪ್ರಿಂಗ್ ಬಲದಲ್ಲಿ ಹ್ಯಾಮರ್ ಬಂದು ಬಡಿದರೂ ಅದು ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಅಂದರೆ ಒಳಗೆ ಒತ್ತಡ ಜಾಸ್ತಿಯಾಗಿಯೂ ಪೆಲೆಟ್ ಮೆಲ್ಲಗೆ ಹೋಗುತ್ತದೆ. ಇದನ್ನು ಒಪ್ಪಿಸುವುದಕ್ಕೆ ನನಗೆ ದಿನಗಟ್ಟಲೆ ಬೇಕಾಗುತ್ತದೆ.

ಇನ್ನು ಸೋರಿಕೆ. ಗ್ಯಾಸ್ ಎಷ್ಟಿದೆ ಅಂತ ಒತ್ತಡ ನೋಡಿ ಹೇಳುವುದಕ್ಕೆ ಇಲ್ಲಿ ಬರುವುದಿಲ್ಲ, ಬಿಸಿ-ತಣ್ಣ ಬದಲಾಗದಿದ್ದರೆ ದ್ರವ ಮುಗಿಯುವ ತನಕ ಒತ್ತಡ ಒಂದೇ ತೆರನಾಗಿರುತ್ತದೆ. ತೂಕ ಹಾಕಬೇಕು. ಅಕ್ಕಸಾಲಿಗರ ಹತ್ತಿರ ಇರುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಹೊಸ ಕಾರ್ಟ್ರಿಜ್ ಹಾಕಿ, ಪೆಲೆಟ್ ಇಲ್ಲದ ಪಿಸ್ತೂಲನ್ನು ಇಡಿಯಾಗಿ ತೂಗಿ, ಬರೆದಿಡಿ. ಒಂದೂ ಹೊಡೆಯದೆ ಮರುದಿನ ಮತ್ತೆ ತೂಗಿ. ಎರಡು ಮೂರು ಗ್ರಾಂ ಕಮ್ಮಿಯಾಗಿದ್ದರೆ ಸೋರುತ್ತಿದೆ. ಎಲ್ಲಿ ಅನ್ನುವುದಕ್ಕೆ ಕಾರ್ಟ್ರಿಜ್ ಕೂರುವ ಜಾಗದ ಸುತ್ತ ಬ್ರಷ್‌ನಲ್ಲಿ ಸೋಪಿನ ನೊರೆ ಹಚ್ಚಿ ನೋಡಿ, ಪಂಕ್ಚರ್ ಅಂಗಡಿಯವನ ಹಾಗೆ ನೀರಲ್ಲಿ ಮುಳುಗಿಸಬೇಡಿ ಮಾತ್ರ. ನಳಿಕೆಯ ಬಾಯಿಗೆ ಒಂದು ಬಲೂನ್ ಸಿಕ್ಕಿಸಿ ರಾತ್ರಿ ಬಿಡಿ. ಬೆಳಿಗ್ಗೆ ಊದಿಕೊಂಡಿದ್ದರೆ ವಾಲ್ವೇ ಸರಿಯಾಗಿ ಮುಚ್ಚುತ್ತಿಲ್ಲ. ದಸರಾ ವಸ್ತುಪ್ರದರ್ಶನದಲ್ಲಿ ಬಲೂನ್ ಒಡೆಯುವುದಕ್ಕೆ ಗನ್ ಬೇಕು, ಇಲ್ಲಿ ಗನ್ ನೋಡುವುದಕ್ಕೆ ಬಲೂನ್.

ತಪ್ಪಿತಸ್ಥ ಹೆಚ್ಚಾಗಿ ಒಂದು ರಬ್ಬರ್ ರಿಂಗ್. ಮಾಮೂಲಿ ನೈಟ್ರೈಲ್ ಓ-ರಿಂಗ್ ಈ ಗ್ಯಾಸನ್ನು ಹೀರಿಕೊಂಡು, ಕಾರ್ಟ್ರಿಜ್ ಬಿಚ್ಚಿದ ತಕ್ಷಣ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಉಬ್ಬಿಬಿಡುತ್ತದೆ, ತನ್ನ ಜಾಗದಲ್ಲಿ ಕೂರುವುದೇ ಇಲ್ಲ. ಗಾಬರಿಬಿದ್ದು ಕತ್ತರಿಸಬೇಡಿ, ಕೆಲವು ಗಂಟೆ ಬಿಟ್ಟರೆ ತಾನೇ ಇಳಿಯುತ್ತದೆ. ಅಂಚು ಹರಿದಿದ್ದರೆ ಪಾಲಿಯುರೆಥೇನ್ ರಿಂಗ್ ಹಾಕಿ, ಅದು ಇಷ್ಟು ಊದುವುದಿಲ್ಲ. ಕಾರ್ಟ್ರಿಜ್ ಚುಚ್ಚುವ ಸೂಜಿಯನ್ನೂ ನೋಡಿ. ಮೊಂಡಾಗಿದ್ದರೆ ತೂತು ಚಿಕ್ಕದಾಗಿ ಗ್ಯಾಸ್ ಸಾಲದೆ ಬರುತ್ತದೆ.

ಪಂದ್ಯಕ್ಕೆ ಹೊಡೆಯುವವರ ಹತ್ತಿರ ಈಗ ಇರುವುದು 200 ಬಾರ್ ಗಾಳಿ ತುಂಬುವ ಸಿಲಿಂಡರಿನ ಪಿಸ್ತೂಲು. ಅದರಲ್ಲಿ ಚಳಿಯ ಕಾಟ ಕಮ್ಮಿ, ಆ ಒತ್ತಡವನ್ನು ಇಳಿಸಿ ಒಂದೇ ಹದದಲ್ಲಿ ಬಿಡುವ ರೆಗ್ಯುಲೇಟರಿನ ಕಾಟ ಉಂಟು. ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ಹೊಡೆದ ಮೊದಲನೆಯದು ಮಾತ್ರ ಜೋರಾಗಿ ಹೋಗಿ ಆಮೇಲೆ ಸರಿಯಾದರೆ ರೆಗ್ಯುಲೇಟರ್ ಒಳಗೊಳಗೇ ಸೋರುತ್ತಿದೆ. ಬೇಗ ಬೇಗ ಹೊಡೆದಾಗ ಇಳಿದು, ನಿಧಾನಕ್ಕೆ ಹೊಡೆದಾಗ ಸರಿಯಾದರೆ ಅದು ಗಾಳಿಯನ್ನು ತಡವಾಗಿ ಬಿಡುತ್ತಿದೆ. ಕೈಪಂಪಿನಲ್ಲಿ ತುಂಬುವವರು ತೇವ ಹೀರುವ ಫಿಲ್ಟರ್ ಹಾಕದಿದ್ದರೆ ಒಳಗೆ ನೀರು ಸೇರಿ ತುಕ್ಕು ಹಿಡಿಯುತ್ತದೆ. ಎಣ್ಣೆ ಬಿಡಬೇಡಿ, ಸಿಲಿಕೋನ್ ಗ್ರೀಸ್ ಸಾಕು. ಒಬ್ಬರು ನನ್ನನ್ನು "ವೆಲ್ಡಿಂಗ್ ಶಾಪಿನ ಆಕ್ಸಿಜನ್ ತುಂಬಿಸ್ಲಾ?" ಅಂತ ಕೇಳಿದ್ದರು. ಖಂಡಿತ ಬೇಡ. ಒತ್ತಡದ ಆಕ್ಸಿಜನ್‌ಗೆ ಒಂಚೂರು ಎಣ್ಣೆ ಸಿಕ್ಕರೆ ಕೈಯಲ್ಲೇ ಸಿಡಿಯುತ್ತದೆ.

ಪೆಲೆಟ್ ಬದಲಾಯಿಸಿದ್ದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. 0.45 ಗ್ರಾಮಿನದು ಸೆಕೆಂಡಿಗೆ 157 ಮೀಟರ್ ಹೋಗುತ್ತಿದ್ದ ಗನ್ನಿಗೆ 0.53 ಗ್ರಾಮಿನದು ಹಾಕಿದರೆ 145 ಬರುತ್ತದೆ. ಎರಡರಲ್ಲೂ ಶಕ್ತಿ ಐದೂವರೆ ಜೂಲ್ ಚಿಲ್ಲರೆ. ಪವರ್ ಎಲ್ಲೂ ಹೋಗಿಲ್ಲ. ಇನ್ನು 150ರಿಂದ ನಿಜಕ್ಕೂ 120ಕ್ಕೆ ಇಳಿದರೂ 10 ಮೀಟರಿನಲ್ಲಿ ಪೆಲೆಟ್ ಬೀಳುವುದು ಮೊದಲಿಗಿಂತ ಸುಮಾರು 12 ಮಿಲಿಮೀಟರ್ ಕೆಳಗೆ. ಅರ್ಧ ಅಡಿ ಕೆಳಗೆ ಹೋಗುತ್ತಿದೆ ಅಂತ ಬಂದರೆ ನಾನು ಮೊದಲು ನೋಡುವುದು ಗುರಿ ಹಿಡಿಯುವ ಸೈಟನ್ನು, ಆಮೇಲೆ ಹೊಡೆಯುವವರ ಮಣಿಕಟ್ಟನ್ನು.

ಹ್ಯಾಮರ್ ಸ್ಪ್ರಿಂಗಿನ ಸ್ಕ್ರೂ ಸುಮ್ನೆ ತಿರುಗಿಸಬೇಡಿ. ಬಿಗಿ ಮಾಡಿದರೆ ವಾಲ್ವ್ ಜಾಸ್ತಿ ಹೊತ್ತು ತೆರೆದು ಗ್ಯಾಸ್ ಪೋಲಾಗುತ್ತದೆ, ಸೋರಿಕೆ ಇದ್ದ ಕಡೆ ಇದ್ದೇ ಇರುತ್ತದೆ. ರಿಪೇರಿಗೆ ತರುವವರು ಪೆಲೆಟ್ ಹಾಕದೆ, ಕಾರ್ಟ್ರಿಜ್ ತೆಗೆದು ತನ್ನಿ. ಹೊಡೆಯುತ್ತಿರುವ ಪೆಲೆಟ್ಟಿನ ಡಬ್ಬಿ, ಬಿಚ್ಚಿದ ರಿಂಗ್ ಇದ್ದರೆ ಅದೂ ಜೊತೆಗಿರಲಿ. ಎಷ್ಟು ಹೊತ್ತಿಗೆ, ಎಲ್ಲಿ ಹೊಡೆಯುತ್ತಿದ್ದಿರಿ ಅಂತ ನಾನು ಕೇಳಿಯೇ ಕೇಳುತ್ತೇನೆ.