ನಾಲ್ಕು ಫ್ಲೈಯರ್, ಒಂದೇ ಶೀಟು: ಬಾರ್ಡರ್ ಯಾಕೆ ಸಮ ಬರುವುದಿಲ್ಲ?

ಓದುಗರ ಪ್ರಶ್ನೆ: ಎ5 ಸೈಜಿನ ಫ್ಲೈಯರ್ ಮಾಡಿದ್ದೇನೆ. ಮಧ್ಯದಲ್ಲಿ ಫೋಟೊ, ಸುತ್ತಲೂ 5 ಮಿ.ಮೀ. ಬಿಳಿ ಬಾರ್ಡರ್. ಒಂದು ಶೀಟಿನಲ್ಲಿ ನಾಲ್ಕು ಕೂರಿಸಿ ಡಿಜಿಟಲ್ ಪ್ರಿಂಟ್ ತೆಗೆಸಿದೆ. ಕಟಿಂಗ್ ಆದಮೇಲೆ ನೋಡಿದರೆ ಒಂದು ಬದಿ ಬಾರ್ಡರ್ ದಪ್ಪ, ಇನ್ನೊಂದು ಬದಿ ಸಣ್ಣ. ತಪ್ಪು ಪ್ರೆಸ್‌ನವರದಾ, ನನ್ನದಾ?

ಮೊದಲು ನಿಮ್ಮ ಫೈಲ್ ತೆರೆದು ಒಂದೇ ಒಂದು ಅಳತೆ ನೋಡಿ. ಅಕ್ಕಪಕ್ಕದ ಎರಡು ಫೋಟೊಗಳ ನಡುವೆ ಎಷ್ಟು ಜಾಗ ಇದೆ? 5 ಮಿ.ಮೀ. ಅಂತ ಬಂದರೆ ತಪ್ಪು ಅಲ್ಲೇ ಇದೆ. ಆ ಜಾಗ ಎರಡು ಫ್ಲೈಯರ್‌ಗಳಿಗೂ ಸೇರಿದ್ದು. ಬ್ಲೇಡ್ ಸರಿಯಾಗಿ ನಡುವೆ ಇಳಿದರೂ ಆಚೆಗೆ ಎರಡೂವರೆ, ಈಚೆಗೆ ಎರಡೂವರೆ. ಹೊರಗಿನ ಬದಿಗೆ ಮಾತ್ರ ಪೂರ್ತಿ 5. ಸ್ಕ್ರೀನಿನಲ್ಲಿ ಎಲ್ಲ ಕಡೆ ಒಂದೇ ಅಗಲ ಕಾಣುವುದರಿಂದ ಇದು ಗೊತ್ತೇ ಆಗುವುದಿಲ್ಲ. 5 ಮಿ.ಮೀ. ಬಾರ್ಡರ್ ಬೇಕಿದ್ದರೆ ನಡುವೆ 10 ಇರಬೇಕು.

ಈ ಲೆಕ್ಕ ನೆನಪಿಟ್ಟುಕೊಳ್ಳುವ ಕಷ್ಟವೇ ಬೇಡ ಅಂದರೆ ಫೋಟೊಗಳನ್ನು ಜೋಡಿಸಬೇಡಿ, ಫ್ಲೈಯರ್‌ಗಳನ್ನು ಜೋಡಿಸಿ. 148 × 210 ಮಿ.ಮೀ. ಆಯತ ಹಾಕಿ, ಬಾರ್ಡರ್ ಅದರ ಒಳಗೇ ಬರುವಂತೆ ಡಿಸೈನ್ ಮಾಡಿ, ಗ್ರೂಪ್ ಮಾಡಿ. ಕೋರೆಲ್‌ಡ್ರಾ ಆಗಲಿ ಇನ್‌ಡಿಸೈನ್ ಆಗಲಿ, ಒಂದನ್ನೇ ಅಳತೆ ಪ್ರಕಾರ ಮತ್ತೆ ಮತ್ತೆ ಕೂರಿಸುವ ಸ್ಟೆಪ್ ಅಂಡ್ ರಿಪೀಟ್ ಇದೆ. ಅದರಲ್ಲಿ ಅಳತೆ ಕೊಟ್ಟು ಅಂಚಿಗೆ ಅಂಚು ತಾಗುವಂತೆ ಕೂರಿಸಿ. ಮೌಸ್‌ನಲ್ಲಿ ಎಳೆದು ಕಣ್ಣಂದಾಜಿನಲ್ಲಿ ಇಡಬೇಡಿ.

ಫೈಲ್ ಸರಿ ಇದ್ದೂ ಬಾರ್ಡರ್ ಹೆಚ್ಚುಕಡಿಮೆ ಬಂದರೆ? ಆಗ ಕಾಗದದ ಕಡೆ ನೋಡಬೇಕು. ಮೆಷಿನ್ ಒಳಗೆ ಶೀಟು ಓಡುವಾಗ ಪ್ರಿಂಟ್ ಅರ್ಧ, ಒಂದು ಮಿ.ಮೀ. ಅತ್ತಿತ್ತ ಜರುಗುವುದು ಮಾಮೂಲು. ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ, ಆದರೆ ಕಣ್ಣಿಗೆ ಕಾಣದಂತೆ ಮಾಡಬಹುದು. ಒಮ್ಮೆ ರಾಜ್ಯೋತ್ಸವದ ಫ್ಲೈಯರ್ ಮಾಡುವಾಗ ನಾನು ಅಂಚಿನಿಂದ 3 ಮಿ.ಮೀ. ಒಳಗೆ ತೆಳು ಕೆಂಪು ಗೆರೆ ಎಳೆದಿದ್ದೆ. ಕಟಿಂಗ್ ಒಂದೇ ಮಿ.ಮೀ. ಸರಿದಿತ್ತು. ಒಂದು ಕಡೆ 2, ಎದುರಿಗೆ 4. ಒಂದಕ್ಕೆ ಇನ್ನೊಂದು ಎರಡರಷ್ಟು! ಕೈಗೆ ತಗೊಂಡವರೆಲ್ಲ ಮೊದಲು ನೋಡಿದ್ದು ಅದನ್ನೇ. ಅದೇ 7 ಮಿ.ಮೀ. ಬಿಟ್ಟಿದ್ದರೆ 6 ಮತ್ತು 8 ಆಗುತ್ತಿತ್ತು, ಸುಲಭವಾಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಂದಿನಿಂದ 6ಕ್ಕಿಂತ ಕಡಿಮೆ ಬಾರ್ಡರ್ ನಾನು ಇಡುವುದಿಲ್ಲ. ಅಂಚಿನ ಹತ್ತಿರ ತೆಳು ಗೆರೆಯಂತೂ ಬೇಡವೇ ಬೇಡ.

ಶೀಟಿನ ಸೈಜೂ ಮುಖ್ಯ. ನಮ್ಮ ಕಡೆ ಡಿಜಿಟಲ್‌ಗೆ ಹೆಚ್ಚಾಗಿ ಸಿಗುವುದು 12 × 18 ಮತ್ತು 13 × 19 ಇಂಚು. 12 ಇಂಚು ಅಂದರೆ 304.8 ಮಿ.ಮೀ. ಎರಡು ಎ5 ಅಕ್ಕಪಕ್ಕ ಇಟ್ಟರೆ 296. ಉಳಿಯುವುದು ಬದಿಗೆ 4.4 ಮಾತ್ರ. ಶೀಟಿನ ಅಂಚಿನ ನಾಲ್ಕೈದು ಮಿ.ಮೀ. ಜಾಗದಲ್ಲಿ ತುಂಬಾ ಮೆಷಿನ್‌ಗಳು ಪ್ರಿಂಟ್ ಮಾಡುವುದಿಲ್ಲ. ಅಂದರೆ ಎಲ್ಲಿ ಕಟ್ ಮಾಡಬೇಕು ಅಂತ ತೋರಿಸುವ ಗೆರೆ, ಅಂದರೆ ಕ್ರಾಪ್ ಮಾರ್ಕ್, ಆ ಬದಿಯಲ್ಲಿ ಬೀಳುವುದಿಲ್ಲ, ಕಟಿಂಗ್ ಮಾಡುವವರು ಕಾಗದದ ಅಂಚಿನಿಂದ ಅಳತೆ ಹಿಡಿಯುತ್ತಾರೆ. ಕಾಗದದ ಅಂಚನ್ನು ನಂಬಬಾರದು, ಪ್ರಿಂಟ್ ಆದ ಮಾರ್ಕನ್ನು ನಂಬಬೇಕು. ಹಾಗಾಗಿ ಸ್ವಲ್ಪ ದುಡ್ಡು ಜಾಸ್ತಿ ಆದರೂ 13 × 19 ಕೇಳಿ. ಅಲ್ಲಿ ಬದಿಗೆ 17 ಮಿ.ಮೀ. ಸಿಗುತ್ತದೆ.

ಬಾರ್ಡರ್‌ಗೆ ಬಣ್ಣ ಇದ್ದರೆ ಅದನ್ನು ಕಟ್ ಗೆರೆಯಿಂದ 3 ಮಿ.ಮೀ. ಆಚೆಗೆ ಬೆಳೆಸಿ. ಇದೇ ಬ್ಲೀಡ್. ಎರಡು ಫ್ಲೈಯರ್ ನಡುವೆ 6 ಮಿ.ಮೀ. ಬಿಟ್ಟು, ಅಲ್ಲಿ ಎರಡು ಸಲ ಕಟ್ ಮಾಡಲು ಹೇಳಿ. ನಾಲ್ಕಕ್ಕೂ ಒಂದೇ ಬಣ್ಣವಾದರೆ ನಡುವೆ ಜಾಗ ಬಿಡದೆ ತಾಗಿಸಿ ಇಟ್ಟು ಒಂದೇ ಕಟ್ ಮಾಡಿದರೂ ಸಾಕು. ಬ್ಲೇಡ್ ಸರಿದರೂ ಬಿಳಿ ಗೆರೆ ಕಾಣುವುದಿಲ್ಲ.

ಎರಡು ಬದಿ ಪ್ರಿಂಟ್ ಇದ್ದರೆ ನಾಲ್ಕೂ ಸೇರಿದ ಆ ಗುಂಪು ಶೀಟಿನ ಸರಿಯಾದ ನಡುವೆ ಇರಬೇಕು. ಒಂದು ಮಿ.ಮೀ. ಎಡಕ್ಕಿದ್ದರೂ ಶೀಟು ಮಗುಚಿದಾಗ ಹಿಂದಿನದು ಬಲಕ್ಕೆ ಹೋಗುತ್ತದೆ. ಮುಂಬದಿಗೂ ಹಿಂಬದಿಗೂ 2 ಮಿ.ಮೀ. ವ್ಯತ್ಯಾಸ ಆಯ್ತಲ್ವಾ? ಯಾವ ಬಾರ್ಡರ್‌ಗೆ ಕಟ್ ಮಾಡುವುದು ಅಂತ ಕಟಿಂಗ್‌ನವರಿಗೇ ಗೊತ್ತಾಗುವುದಿಲ್ಲ.

ಪ್ರಿಂಟ್ ಕೊಡುವಾಗ ಆಕ್ಚುಯಲ್ ಸೈಜ್, ನೂರಕ್ಕೆ ನೂರು ಅಂತ ಬರೆದುಕೊಡಿ. 'ಫಿಟ್' ಆಯ್ಕೆ ಒತ್ತಿದರೆ ಸಾಫ್ಟ್‌ವೇರ್ ಪುಟವನ್ನು ಸುಮ್ನೆ ಕುಗ್ಗಿಸಿಬಿಡುತ್ತದೆ. ಕನ್ನಡ ಅಕ್ಷರಗಳನ್ನು ಕರ್ವ್ಸ್ ಮಾಡಿಯೇ, ಅಂದರೆ ಫಾಂಟ್ ಬೇಡದ ಚಿತ್ರರೂಪಕ್ಕೆ ಬದಲಿಸಿಯೇ, ಪಿಡಿಎಫ್ ಕೊಡಿ. ಇದು ಬಾರ್ಡರ್ ವಿಷಯ ಅಲ್ಲ. ಆದರೆ ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದು ಪ್ರಿಂಟ್ ಹಾಳಾದರೆ ಹೊಟ್ಟೆ ಉರಿಯುತ್ತದೆ.

ಎಲ್ಲ ಶೀಟು ಓಡಿಸುವ ಮೊದಲು ಒಂದೇ ಶೀಟು ತೆಗೆಸಿ. ಎರಡು ಬದಿ ಇದ್ದರೆ ಬೆಳಕಿಗೆ ಹಿಡಿದು ಹಿಂದಿನ ಬಾರ್ಡರ್ ಮುಂದಿನದರ ಮೇಲೆ ಕೂರುತ್ತದಾ ನೋಡಿ. ಆ ಶೀಟನ್ನೇ ಕಟ್ ಮಾಡಿಸಿ. ನಾಲ್ಕೂ ಫ್ಲೈಯರ್ ಸಾಲಾಗಿ ಇಟ್ಟು ಸ್ಕೇಲಿನಲ್ಲಿ ಅಳೆಯಿರಿ. ಅಳತೆ ಸರಿ ಬಂದಮೇಲೆ ಮಾತ್ರ 'ಓಡಿಸಿ' ಅನ್ನಿ.