ವೀರಗಲ್ಲಿನಿಂದ ಪಿಂಚಣಿ ಕಡತದವರೆಗೆ: ಯೋಧನ ಮನೆಗೆ ಸೇರುವುದೇನು?

ಯೋಧರೊಬ್ಬರ ಪಾರ್ಥಿವ ಶರೀರ ಬೆಂಗಳೂರಿಗೆ ಬಂದ ದಿನ ಟಿವಿ ಪರದೆಯ ಕೆಳಗೆ ಮೂರ್ನಾಲ್ಕು ಮೊತ್ತಗಳು ಓಡುತ್ತಿರುತ್ತವೆ. ರಾಜ್ಯದ್ದು ಇಷ್ಟು, ಕೇಂದ್ರದ್ದು ಇಷ್ಟು, ವಿಮೆ ಇಷ್ಟು, ಜತೆಗೊಂದು ನಿವೇಶನ, ಮನೆಯವರಿಗೊಂದು ನೌಕರಿ. ಮುಂದಿನ ಸಲ ಇನ್ನೊಬ್ಬರು ತೀರಿಕೊಂಡಾಗ ಅಂಕಿಗಳು ಬೇರೆ. ಮತ್ತೊಬ್ಬರ ವಿಷಯದಲ್ಲಿ ಅಂಕಿಗಳೇ ಇಲ್ಲ. ಹೀಗೇಕೆ ಎಂದರೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ. ಗೌರವ, ಪರಿಹಾರ, ಪಿಂಚಣಿ ಈ ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಚೇರಿಗಳಿಂದ ಹೊರಟು ಒಂದೇ ಮನೆಯ ಬಾಗಿಲಿಗೆ ಬಂದು ನಿಂತಿವೆ.

ಈ ಊರಿಗೆ ವಿಷಯ ಹೊಸದಲ್ಲ. ಬೆಂಗಳೂರೆಂಬ ಹೆಸರು ಮೊದಲು ಕಾಣಿಸುವುದೇ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಕ್ರಿ.ಶ. 900ರ ಆಸುಪಾಸಿನ ಶಾಸನದಲ್ಲಿ. ಬೆಂಗಳೂರ ಕಾಳೆಗದಲ್ಲಿ, ಗಂಗರ ಅಧೀನದ ನಾಯಕ ನಾಗತ್ತರನ ಕಡೆಯವರು ಸತ್ತದ್ದನ್ನು ಅದು ಹೇಳುತ್ತದೆ. ಅದೇ ಬೇಗೂರಿನಿಂದ ತಂದ ಇನ್ನೊಂದು ಕಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೇನೆಯ ಎದುರು ಹೋರಾಡಿ ನಾಗತ್ತರ ಬಿದ್ದ ಮೇಲೆ ಗಂಗ ದೊರೆ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು (ಇಂದಿನ ಬೇಗೂರು) ಸೀಮೆಯ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ, ಅಂದರೆ ಭೂದಾನವಾಗಿ ಕೊಟ್ಟ ಎಂಬ ವಿವರ ಅದರಲ್ಲಿದೆ. ಯುದ್ಧದ ಚಿತ್ರ ನೋಡಲು ಹೋದವರು ಅದರ ಕೊನೆಯ ಭಾಗವನ್ನೂ ಗಮನಿಸಬೇಕು: ಹಳ್ಳಿಗಳ ಹೆಸರು ಪಟ್ಟಿ ಮಾಡಿದೆ. ಕನ್ನಡ ನಾಡಿನ ಎಷ್ಟೋ ವೀರಗಲ್ಲುಗಳಲ್ಲಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಬಿಟ್ಟ ಹೊಲ ಗದ್ದೆಯ ಉಲ್ಲೇಖವಿದೆ. ಕೊಟ್ಟದ್ದನ್ನು ಕಲ್ಲಿನ ಮೇಲೆ ಕೆತ್ತಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವಲ್ಲ.

ಮುಂದಿನ ಸಾವಿರ ವರ್ಷದಲ್ಲಿ ಕಲ್ಲುಗಳು ಮಾತ್ರ ಉಳಿದುಕೊಂಡು ಬಂದವು. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಬ್ರಿಟಿಷರ ನೆನಪಿಗೆ ಒಂದು ಸ್ತಂಭ ಎದ್ದಿತು. ಇಂದಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಎಂದು ಹೆಸರಿದ್ದುದು ಅದರಿಂದಲೇ. ಕನ್ನಡಪರ ಹೋರಾಟದ ಕಾವಿನಲ್ಲಿ 1964ರಲ್ಲಿ ಸ್ತಂಭವನ್ನು ಕೆಡವಲಾಯಿತು. ಯಾರ ಸೈನಿಕನಿಗೆ ಯಾರು ಕೈ ಮುಗಿಯಬೇಕು ಎಂಬ ಪ್ರಶ್ನೆ ಈ ನಗರದಲ್ಲಿ ಬೀದಿಗೆ ಬಂದದ್ದು ಆಗ. ಬ್ರಿಗೇಡ್ ರಸ್ತೆಯಲ್ಲಿರುವ ಮೊದಲ ಮಹಾಯುದ್ಧದ ಸ್ಮಾರಕದ ಬುಡದಲ್ಲಿ ನಿಂತು ಸ್ನೇಹಿತರಿಗೆ ಕಾಯುವವರಿಗೆ ಅದು ಯಾರದ್ದೆಂದು ಗೊತ್ತಿರುವುದು ಅಪರೂಪ. ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇನ್ನೂ ಹಿನ್ನೆಲೆಗೆ ಸರಿದಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳದಲ್ಲಿ ಜೋಧಪುರದವರ ಜತೆ ನಮ್ಮವರೂ ಇದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಸೈನಿಕ ಪ್ರತಿಮೆಗಳಲ್ಲಿ ಒಂದು ಮೈಸೂರಿನವನದು. ಆ ಪಡೆ ಕೊನೆಗೆ 1953ರಲ್ಲಿ ಹುಟ್ಟಿದ 61ನೇ ಕ್ಯಾವಲ್ರಿ ಎಂಬ ಭಾರತೀಯ ಸೇನೆಯ ಅಶ್ವದಳದಲ್ಲಿ ಸೇರಿಹೋಯಿತು.

ಮನೆಯವರ ಕಡೆ ನೋಡುವ ವ್ಯವಸ್ಥೆ ತಡವಾಗಿ ಬಂತು. ಮೊದಲ ಮಹಾಯುದ್ಧ ಮುಗಿದ ಮೇಲೆ ಸೈನಿಕ ಮಂಡಳಿ, 1949ರಿಂದ ಡಿಸೆಂಬರ್ 7ರ ಧ್ವಜ ದಿನಾಚರಣೆ. ಆದರೆ ನಿಜವಾದ ತಿರುವು ಸಿಕ್ಕಿದ್ದು 1971ರ ಯುದ್ಧದ ನಂತರ. 1972ರಲ್ಲಿ ಬಂದ ‘ಲಿಬರಲೈಸ್ಡ್’ (ಉದಾರಗೊಳಿಸಿದ) ಕುಟುಂಬ ಪಿಂಚಣಿ, ಯುದ್ಧದಲ್ಲಿ ಸತ್ತವನ ಹೆಂಡತಿಗೆ ಇಂದು ಆತನ ಕೊನೆಯ ವೇತನದಷ್ಟನ್ನೇ ಕೊಡುತ್ತದೆ. ಮಕ್ಕಳ ಶಾಲಾ ಕಾಲೇಜು ಶುಲ್ಕ ಭರಿಸುವ ಯೋಜನೆಯೂ ಆಗಿನದೇ.

ಗೋಜಲು ಆರಂಭವಾಗುವುದು ಇಲ್ಲೇ. ಶತ್ರುವಿನ ಗುಂಡಿಗೋ ಉಗ್ರರ ದಾಳಿಗೋ ಬಲಿಯಾದರೆ ಪೂರ್ತಿ ವೇತನದಷ್ಟು. ಕರ್ತವ್ಯದಲ್ಲಿದ್ದಾಗ ವಾಹನ ಉರುಳಿದರೆ, ಸೇವೆಯ ಕಾರಣಕ್ಕೇ ಕಾಯಿಲೆ ಬಿದ್ದು ಸತ್ತರೆ ‘ವಿಶೇಷ’ ಪಿಂಚಣಿ, ಅಂದರೆ ವೇತನದ ಶೇ 60. ಸಾವಿಗೂ ಸೇವೆಗೂ ಸಂಬಂಧವಿಲ್ಲ ಎಂದು ಕಡತ ಹೇಳಿದರೆ ಮೊದಲ ಕೆಲವು ವರ್ಷ ಸ್ವಲ್ಪ ಹೆಚ್ಚು, ಆಮೇಲೆ ಶೇ 30. ಸಾವು ಹೇಗಾಯಿತು ಎಂದು ಬರೆಯುವುದು ಆತ ಇದ್ದ ಯೂನಿಟ್. ಆ ಕಾಗದವನ್ನು ಬೆನ್ನು ಹತ್ತಿ ಹೆಂಡತಿಯೋ ಅಪ್ಪನೋ ಸೇವಾ ದಾಖಲೆಗಳಿರುವ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್ ಆದರೆ ಇಲ್ಲೇ ಹಲಸೂರಿನ ಬಳಿ. ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಮರಾಠಾ ಆದರೆ ಬೆಳಗಾವಿ, ಬಿಹಾರ್ ರೆಜಿಮೆಂಟ್ ಆದರೆ ದಾನಾಪುರ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿರುವ ಸೈನಿಕ ಕಲ್ಯಾಣ ಇಲಾಖೆ ದಾರಿ ತೋರಿಸಬಲ್ಲದು, ತೀರ್ಮಾನ ಅದರ ಕೈಯಲ್ಲಿಲ್ಲ. ಸಿಆರ್‌ಪಿಎಫ್, ಬಿಎಸ್‌ಎಫ್‌ನವರಾದರೆ ಗೃಹ ಸಚಿವಾಲಯ. ನಿಯಮದ ಪುಸ್ತಕವೇ ಬೇರೆ. ಪುಲ್ವಾಮದಲ್ಲಿ ಮಡಿದ ಮದ್ದೂರಿನ ಗುರು ಸಿಆರ್‌ಪಿಎಫ್‌ನವರು. ಅಂತ್ಯಕ್ರಿಯೆಗೆ ಸೇರಿದ್ದ ಜನಸಾಗರಕ್ಕೆ ಈ ವ್ಯತ್ಯಾಸ ಕಾಣಿಸುವುದು ಸಾಧ್ಯವೇ ಇರಲಿಲ್ಲ.

ಸಾರ್ವಜನಿಕ ಗೌರವದ ಸ್ವರೂಪ ಬದಲಾದದ್ದು 1999ರಲ್ಲಿ. ಅಲ್ಲಿಯವರೆಗೆ ಹೆಚ್ಚಿನವರ ಅಂತ್ಯಕ್ರಿಯೆ ಗಡಿಯ ಬಳಿಯೇ ನಡೆದು ಮನೆಗೆ ತಂತಿಯೂ ಟ್ರಂಕೂ ಬರುತ್ತಿದ್ದವು. ಕಾರ್ಗಿಲ್‌ನಲ್ಲಿ ಮಡಿದ 527 ಮಂದಿಯ ಶವಪೆಟ್ಟಿಗೆಗಳು ಊರೂರಿಗೆ ಹೋದವು, ಕ್ಯಾಮೆರಾಗಳೂ ಹಿಂದೆಯೇ ಹೋದವು. ಪೆಟ್ರೋಲ್ ಬಂಕ್, ಗ್ಯಾಸ್ ಏಜೆನ್ಸಿಗಳ ಹಂಚಿಕೆ ನಡೆದದ್ದು ಆಗಲೇ. 2008ರ ನವೆಂಬರ್‌ನಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲೇ ಬೆಳೆದವರಾದ್ದರಿಂದ ಈ ನಗರ ಬೀದಿಗಿಳಿದು ಅವರನ್ನು ಕಳುಹಿಸಿಕೊಟ್ಟಿತು. ಅಶೋಕ ಚಕ್ರ ಬಂತು. ಯಲಹಂಕದ ರಸ್ತೆಗೆ ಅವರ ಹೆಸರು ಬಂತು.

ಆಮೇಲಿನ ವರ್ಷಗಳಲ್ಲಿ ಸಾಂತ್ವನ ಮತ್ತು ಘೋಷಣೆ ಒಟ್ಟಿಗೇ ಬರತೊಡಗಿದವು. 2023ರ ನವೆಂಬರ್‌ನಲ್ಲಿ ರಜೌರಿಯಲ್ಲಿ ಮಡಿದ ಕ್ಯಾಪ್ಟನ್ ಪ್ರಾಂಜಲ್ ಅವರ ಕುಟುಂಬಕ್ಕೆ ಮುಖ್ಯಮಂತ್ರಿ 50 ಲಕ್ಷ ರೂಪಾಯಿ ಪ್ರಕಟಿಸಿದರು. ಕೇಂದ್ರದ ಪರಿಹಾರಕ್ಕಾದರೆ 2016ರಿಂದ ಲಿಖಿತ ದರಪಟ್ಟಿ ಇದೆ: ಅಪಘಾತ ಅಥವಾ ಉಗ್ರರ ಕೃತ್ಯಕ್ಕೆ 25 ಲಕ್ಷ, ಗಡಿ ಚಕಮಕಿಗೆ 35 ಲಕ್ಷ, ಯುದ್ಧಕ್ಕೆ 45 ಲಕ್ಷ. ಕೊಡಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ದುಃಖದ ಮನೆಯಲ್ಲಿ, ಮೈಕ್ ಮುಂದೆ ಮೊತ್ತ ಹೇಳುವ ರೂಢಿಯಿಂದ ಸುದ್ದಿಯಾಗದ ಸಾವಿನ ಮನೆಗೆ ಕಡಿಮೆ ಸಿಗುತ್ತದೆ ಎಂಬ ಗುಮಾನಿ ಬೆಳೆದಿದೆ. ಅದನ್ನು ಆಧಾರವಿಲ್ಲದ್ದು ಎಂದು ತಳ್ಳಿಹಾಕುವುದು ಕಷ್ಟ.

ಭೂಮಿಯ ಕಥೆ ಇನ್ನೊಂದು. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಶೇ 10 ಮೀಸಲು ಇದೆ. ಬೆಂಗಳೂರಿನ ಸುತ್ತ ಹಂಚಲು ಭೂಮಿ ಎಲ್ಲಿದೆ? ಎರೆಯಪ್ಪ ಕೊಟ್ಟ ಬೆಂಪೂರಿನಲ್ಲಿ ಇವತ್ತು ಎಕರೆ ಲೆಕ್ಕ ಯಾರೂ ಹೇಳುವುದಿಲ್ಲ, ಎಲ್ಲ ಚದರಡಿ.

ಸಣ್ಣ ನಿಯಮಗಳು ಎಷ್ಟು ಕಾಲ ಚುಚ್ಚಬಲ್ಲವು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಶೌರ್ಯ ಪ್ರಶಸ್ತಿಯ ಭತ್ಯೆ ಪಡೆಯುತ್ತಿದ್ದ ವಿಧವೆ ಮರುಮದುವೆಯಾದರೆ ಅದು ನಿಲ್ಲುತ್ತಿತ್ತು. ಗಂಡನ ಸಹೋದರನನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಆ ಷರತ್ತು ಹೋದದ್ದು 2017ರ ನವೆಂಬರ್‌ನಲ್ಲಿ. ಅದೇ ವರ್ಷ ಜುಲೈನಲ್ಲಿ ಹುತಾತ್ಮರ ಮಕ್ಕಳ ಶುಲ್ಕಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿ, ಆಕ್ಷೇಪ ಹೆಚ್ಚಿದ ಮೇಲೆ 2018ರ ಮಾರ್ಚ್‌ನಲ್ಲಿ ತೆಗೆದರು.

ಈ ನಡುವೆ ನೆಹರೂ ತಾರಾಲಯದ ಪಕ್ಕದಲ್ಲಿ ಬಿಡಿಎ ರಾಷ್ಟ್ರೀಯ ಸೈನಿಕ ಸ್ಮಾರಕ ಕಟ್ಟಿತು. ಅದಕ್ಕಾಗಿ ಮರ ಕಡಿಯುವ ವಿಷಯ ಹೈಕೋರ್ಟ್ ಮೆಟ್ಟಿಲೇರಿತ್ತು. ದೇವನಹಳ್ಳಿ ಬಳಿಯ ಕೊಯಿರಾದಿಂದ 75 ಅಡಿಯ ಏಕಶಿಲೆಯನ್ನು ತಂದು ವೀರಗಲ್ಲಾಗಿ ನಿಲ್ಲಿಸಲು ಪಟ್ಟ ಪಾಡು ವರ್ಷಗಟ್ಟಲೆ ಪತ್ರಿಕೆಗಳಿಗೆ ಸುದ್ದಿಯಾಗಿತ್ತು. ಸ್ವಾತಂತ್ರ್ಯಾನಂತರ ಮಡಿದ ಸಾವಿರಾರು ಯೋಧರ ಹೆಸರು ಅಲ್ಲಿವೆ. ಬೇಗೂರಿನ ಕಲ್ಲಿನಲ್ಲಿರುವಂತೆ ಯಾರಿಗೆ ಏನು ಕೊಟ್ಟೆವು ಎಂಬ ಪಟ್ಟಿಯಿಲ್ಲ. ಈ ಕಾಲದಲ್ಲಿ ಅದನ್ನು ನಿರೀಕ್ಷಿಸುವುದೂ ಸರಿಯಲ್ಲವೇನೋ.

ಹೊಸ ಗಂಟು ನಾಲ್ಕು ವರ್ಷದ ಸೇನಾ ನೇಮಕಾತಿಯ ಅಗ್ನಿಪಥದ್ದು. 2022ರ ಈ ಯೋಜನೆಯಡಿ ಸೇರಿದವರು (ಅಗ್ನಿವೀರರು) ಕರ್ತವ್ಯದಲ್ಲಿ ಮಡಿದರೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ ಇದೆ, ಕುಟುಂಬ ಪಿಂಚಣಿ ಇಲ್ಲ. ಸಾಮಾನ್ಯ ಸೈನಿಕರ ಕುಟುಂಬಕ್ಕೆ ಸಿಗುವ ಸೌಲಭ್ಯಗಳನ್ನೇ ಇವರಿಗೂ ಕೊಡಬೇಕೆಂದು ರಕ್ಷಣಾ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿ 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿತು. 2025ರ ಮೇ ತಿಂಗಳಲ್ಲಿ ಆಂಧ್ರದ ಅಗ್ನಿವೀರ ಮುರಳಿ ನಾಯಕ್ ಅವರ ಪಾರ್ಥಿವ ಶರೀರ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದು ರಸ್ತೆ ಮಾರ್ಗವಾಗಿ ಗಡಿ ದಾಟಿ ಊರಿಗೆ ಹೋಯಿತು. ಪಿಂಚಣಿಯ ನಿಯಮ ಅಷ್ಟು ಹೊತ್ತಿಗೂ ಹಾಗೆಯೇ ಇತ್ತು.