ಪೆಲೆಟ್ ವೇಗ ಅಳೆಯಲು ಯಾವ ಕ್ರೋನೋಗ್ರಾಫ್, ಮತ್ತು ಐದು ಶಾಟ್ ಏಕೆ ಸಾಲದು

10 ಮೀಟರ್ ಏರ್ ರೈಫಲ್ ಹೊಡೆಯುವವರಿಗಾಗಿ ಬರೆದ ಟಿಪ್ಪಣಿ ಇದು. ಕೊನೆಯ ಲೆಕ್ಕ ಕಾಡತೂಸು ಮರುತುಂಬುವವರಿಗೂ ಹಾಗೇ ಹೊಂದುತ್ತದೆ.

175 ಮೀ/ಸೆ ವೇಗದ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) 10 ಮೀಟರ್ ತಲುಪುವಷ್ಟರಲ್ಲಿ ಸುಮಾರು 16 ಮಿ.ಮೀ. ಬೀಳುತ್ತದೆ. ವೇಗ 3 ಮೀ/ಸೆ ಇಳಿದರೆ ಇನ್ನೂ ಅರ್ಧ ಮಿ.ಮೀ. ಕೆಳಗೆ. 10ರ ಚುಕ್ಕಿಯ ಅಗಲವೇ ಅರ್ಧ ಮಿ.ಮೀ., ದಶಮಾಂಶ ಸ್ಕೋರಿಂಗ್‌ನಲ್ಲಿ ಪ್ರತಿ 0.25 ಮಿ.ಮೀ.ಗೆ 0.1 ಅಂಕ ಹೋಗುತ್ತದೆ. ಕ್ರೋನೋಗ್ರಾಫ್ (ವೇಗ ಅಳೆಯುವ ಉಪಕರಣ) ಇಟ್ಟು ಅಳೆಯಬೇಕಾದದ್ದು ಇದಕ್ಕೇ.

ಯಾವ ಬಗೆ

ಎರಡು ಸೆನ್ಸರ್ ಮೇಲೆ ನೆರಳು ಹಾದಾಗ ಸಮಯ ಎಣಿಸುವ ಬಗೆ ಎಲ್ಲಕ್ಕಿಂತ ಅಗ್ಗ. ಬೆಳಕೇ ಇದರ ಶತ್ರು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಮೈಸೂರಿನ ಹಾಲ್‌ನಲ್ಲಿ ಅಂಥ ದೀಪವಿದ್ದರೆ ರೀಡಿಂಗ್ ತಪ್ಪಿಹೋಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಮಂಡ್ಯ ಕಡೆ ತೆಂಗಿನ ತೋಟದಲ್ಲಿ ಇಟ್ಟರೆ ಗರಿ ಅಲ್ಲಾಡಿದ ನೆರಳನ್ನೂ ಪೆಲೆಟ್ ಎಂದೇ ಎಣಿಸಿಬಿಡಬಹುದು. ಬಯಲಲ್ಲಿ, ಬಿಸಿಲು ನೆತ್ತಿಯ ಮೇಲಿದ್ದಾಗ, ಸೆನ್ಸರ್ ಮೇಲಿನ ಬಿಳಿ ಡಿಫ್ಯೂಸರ್ (ಬೆಳಕನ್ನು ಸಮನಾಗಿ ಹರಡುವ ಹೊದಿಕೆ) ಹಾಕಿಯೇ ಅಳೆಯಿರಿ. ನಳಿಗೆಯ ಬಾಯಿಂದ ಒಂದು ಮೀಟರ್ ದೂರ ಸಾಕು. ಪೆಲೆಟ್ ಓರೆಯಾಗಿ ಹಾದರೆ ದಾರಿ ಉದ್ದವಾಗಿ ವೇಗ ಕಡಿಮೆ ಕಾಣುತ್ತದೆ: 5 ಡಿಗ್ರಿ ಓರೆಗೆ 175 ಇದ್ದದ್ದು 174.3. ರೈಫಲ್ ಮುಂದೆ ನಿಂತು ಕ್ರೋನೋಗ್ರಾಫ್ ಹೊಂದಿಸುವಾಗ ಬೋಲ್ಟ್ (ಪೆಲೆಟ್ ತುಂಬಲು ತೆರೆಯುವ ಭಾಗ) ತೆರೆದೇ ಇರಲಿ.

ನಳಿಗೆ ತುದಿಗೆ ಸಿಕ್ಕಿಸುವ ಬಗೆಗೆ ತನ್ನದೇ ಇನ್‌ಫ್ರಾರೆಡ್ ದೀಪ ಇರುತ್ತದೆ, ಹಾಲ್‌ನಲ್ಲಿ ಸಲೀಸು. ಆದರೆ ತುದಿಗೆ ಭಾರ ಬಿದ್ದು ಪೆಲೆಟ್ ಬೀಳುವ ಜಾಗ ಬದಲಾಗುತ್ತದೆ. ಗ್ರೂಪ್ (ಗುರಿಹಲಗೆಯಲ್ಲಿ ಶಾಟ್‌ಗಳು ಬಿದ್ದ ಗುಂಪು) ಮತ್ತು ವೇಗ ಎರಡನ್ನೂ ಒಂದೇ ಸಲ ನೋಡಲಾಗದು. ರಾಡಾರ್ ಬಗೆಯನ್ನು ರೈಫಲ್ ಪಕ್ಕದಲ್ಲಿ ಇಟ್ಟರಾಯಿತು, ನಳಿಗೆಗೆ ಏನೂ ತಾಗುವುದಿಲ್ಲ. ಹಣ ಇದ್ದವರು ಇದನ್ನೇ ಕೊಳ್ಳಲಿ. ಪಕ್ಕದ ಲೇನ್‌ನ ಶಾಟ್ ಇದರಲ್ಲಿ ಸೇರಿಕೊಳ್ಳುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಪೆಟ್ಟಿಗೆ ಮೇಲಿನ ‘0.5% ನಿಖರತೆ’ ಎಂದರೆ 175ಕ್ಕೆ ಸುಮಾರು ±0.9 ಮೀ/ಸೆ. ಎಲ್ಲ ಶಾಟ್‌ಗೂ ಒಂದೇ ಕಡೆಗೆ ಅಷ್ಟೇ ತಪ್ಪಿದರೆ ನಮಗೆ ನಷ್ಟವಿಲ್ಲ. ನೋಡಬೇಕಾದ್ದು ಶಾಟ್‌ನಿಂದ ಶಾಟ್‌ಗೆ ಇರುವ ಅಂತರ.

ಎಲ್ಲರೂ ಎಡವುವ ಲೆಕ್ಕ

ಎರಡು ಡಬ್ಬಿ ಪೆಲೆಟ್‌ಗಳನ್ನು ಹೋಲಿಸೋಣ. ಮೊದಲ ಡಬ್ಬಿಯ ಐದು ಶಾಟ್‌ನ ವೇಗ (ಮೀ/ಸೆ): 174, 176, 175, 173, 177. ಸರಾಸರಿ 175. ವ್ಯತ್ಯಾಸಗಳು −1, 1, 0, −2, 2. ಅವುಗಳ ವರ್ಗ ಕೂಡಿದರೆ 10. ಈಗ 5ರಿಂದ ಅಲ್ಲ, 4ರಿಂದ ಭಾಗಿಸಬೇಕು. ಸರಾಸರಿಯನ್ನು ಇದೇ ಐದು ಶಾಟ್‌ನಿಂದ ತೆಗೆದಿದ್ದೇವೆ, ಹಾಗಾಗಿ ನಾಲ್ಕು ವ್ಯತ್ಯಾಸ ಗೊತ್ತಾದರೆ ಐದನೆಯದು ತಾನಾಗಿ ನಿಗದಿಯಾಗುತ್ತದೆ. 2.5ರ ವರ್ಗಮೂಲ 1.58, ಇದೇ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ವೇಗಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ). ಸ್ಪ್ರೆಡ್‌ಶೀಟ್‌ನಲ್ಲಿ ತಪ್ಪು ಸೂತ್ರ ಹಾಕಿದರೆ 1.41 ಬರುತ್ತದೆ, ರೈಫಲ್ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಎರಡನೇ ಡಬ್ಬಿ: 175, 175, 176, 174, 175. ಎಸ್‌ಡಿ 0.71. ಎರಡನೆಯದೇ ಒಳ್ಳೆಯದೇ? ಹೇಳಲಾಗದು. ಐದು ಶಾಟ್‌ನ ಎಸ್‌ಡಿಗೆ 95% ಭರವಸೆಯ ಮಿತಿ (ನಿಜವಾದ ಎಸ್‌ಡಿ ಇರಬಹುದಾದ ವ್ಯಾಪ್ತಿ) ಅದರ 0.6ರಿಂದ 2.87 ಪಟ್ಟು. ಮೊದಲ ಡಬ್ಬಿ 0.95ರಿಂದ 4.5, ಎರಡನೆಯದು 0.42ರಿಂದ 2.0, ಒಂದರ ಮೇಲೊಂದು ಬೀಳುತ್ತವೆ. 20 ಶಾಟ್ ಹೊಡೆದರೆ ಮಿತಿ 0.76ರಿಂದ 1.46 ಪಟ್ಟಿಗೆ ಕುಗ್ಗುತ್ತದೆ. ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ಅಂತರವನ್ನಂತೂ ಬೇರೆ ಬೇರೆ ಎಣಿಕೆಗೆ ಹೋಲಿಸಲೇಬೇಡಿ: ಅದೇ ಪೆಲೆಟ್‌ಗೆ 5 ಶಾಟ್‌ನಲ್ಲಿ ಅದು ಸರಾಸರಿಯಲ್ಲಿ ಎಸ್‌ಡಿಯ 2.33 ಪಟ್ಟು, 10ರಲ್ಲಿ 3.08 ಪಟ್ಟು.

ರೀಡಿಂಗ್‌ಗಳನ್ನು ಬಂದ ಕ್ರಮದಲ್ಲೇ ಬರೆಯಿರಿ. ಮೊದಲ ಡಬ್ಬಿಯ ಅವೇ ಐದು ಅಂಕಿಗಳು 177, 176, 175, 174, 173 ಎಂದು ಬಂದರೂ ಎಸ್‌ಡಿ 1.58ರಲ್ಲೇ ನಿಲ್ಲುತ್ತದೆ. ಆದರೆ ಹೀಗೆ ಸಾಲಾಗಿ ಇಳಿದರೆ ಪೆಲೆಟ್‌ಗಿಂತ ಮೊದಲು ಸಿಲಿಂಡರ್ ಗೇಜ್ ನೋಡಿ: ಸಿಲಿಂಡರ್‌ನ ಗಾಳಿ, ರೆಗ್ಯುಲೇಟರ್ (ಪ್ರತಿ ಶಾಟ್‌ಗೂ ಒಂದೇ ಒತ್ತಡ ಕೊಡುವ ಭಾಗ) ಹೊಂದಿಸಿದ ಒತ್ತಡಕ್ಕಿಂತ ಕೆಳಗೆ ಇಳಿದಿರಬಹುದು. ತುಂಬಿಸಿ ಇನ್ನೊಮ್ಮೆ 20 ಶಾಟ್ ಹೊಡೆಯಿರಿ.